ದಾವಣಗೆರೆ ಅಕ್ಕನ ಬ್ಯಾಗಿನ ಹಿಂದಿನ ತೂಬು

ಪ್ರಾಗ್ ಪಟ್ಟಣ, ಹಳೇ ಕಲ್ಲಿನ ಸೇತುವೆ
ಫೆಬ್ರವರಿ 30, 2231

ಅಕ್ಕಾ,

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲಾ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನ ಯಾವ ತಿಂಗಳಿಗೂ ಸೇರಲ್ಲ, ಅವತ್ತು ಊರಿಗೆ ಊರೇ ಮಲಗಿರುತ್ತೆ. ನನ್ನ ಮಾತೂ ನಿಮಗೆ ಒಂಚೂರು ಸೊಟ್ಟ ಅನ್ನಿಸಬಹುದು, ಹೊಟ್ಟೆಗೆ ಹಾಕ್ಕೊಳ್ಳಿ. ನಾನು ಓದಿದ್ದು ನಾಲ್ಕನೇ ಕ್ಲಾಸು. ನಮ್ಮ ಹಿರೀಕರು ಬಿಸಿಲು ತಾಳಲಾರದೆ ಹರಪನಹಳ್ಳಿ ಕಡೆಯಿಂದ ಉತ್ತರಕ್ಕೆ ಬಂದಾಗ ಎಷ್ಟು ಕನ್ನಡ ಹೊತ್ತು ತಂದ್ರೋ ಅಷ್ಟೇ ನನಗೆ ಬರೋದು.

ಹೆಸರು ಕೊಟ್ರೇಶ, ವಯಸ್ಸು ಐವತ್ತೊಂದು. ಕೆಲಸ ಅಂದ್ರೆ ಊರು ತೋರಿಸೋದು. ಏಳು ತಿಂಗಳು ಇಲ್ಲಿ ಬೇಯುಗಾಲ, ಅಂದ್ರೆ ಮನುಷ್ಯರು ಬಿಸಿಲಿಗೆ ಬರದೆ ನೆಲಮಾಳಿಗೇಲಿ ಇರೋ ಕಾಲ. ಮಿಕ್ಕ ಐದು ತಿಂಗಳು ಎಲ್ಲೆಲ್ಲಿಂದಲೋ ಜನ ನೋಡೋಕೆ ಬರ್ತಾರೆ. ಅವರು ನೋಡೋದು ಯಾವುದೂ ಹಳೇದಲ್ಲ. ನಿಮ್ಮ ಮೊಮ್ಮಕ್ಕಳ ಕಾಲದಲ್ಲಿ ಹೊಳೆ ಒಂದೇ ವಾರದಲ್ಲಿ ಎಲ್ಲಾ ಬಳ್ಕೊಂಡು ಹೋಯ್ತು. ಉಳಿದದ್ದು ನಿಮ್ಮಂಥ ಟೂರಿನವರು ತೆಗೆದ ಫೋಟೋಗಳು. ಕೂಡುಗಣ್ಣು ಅಂತ ಒಂದು ಯಂತ್ರ ಇದೆ, ಲಕ್ಷಾಂತರ ಫೋಟೋ ನುಂಗಿ ಒಂದು ಕಟ್ಟಡದ ಚಿತ್ರ ಕಕ್ಕುತ್ತೆ. ಅದನ್ನ ನೋಡ್ಕೊಂಡು ನಮ್ಮ ಜನ ಕಲ್ಲು ಕಟ್ತಾರೆ.

ದೊಡ್ಡ ಗಡಿಯಾರ ಒಂಚೂರೂ ತಪ್ಪಿಲ್ಲದೆ ಬಂದಿದೆ ಅಕ್ಕಾ. ಯಾಕಂದ್ರೆ ನೀವೆಲ್ಲ ಅದರ ಮುಂದೆ ಫೋನು ಹಿಡಿದು ಕೈ ಎತ್ತಿ ನಿಂತಿದ್ರಿ. ಅದರಲ್ಲಿ ಗಂಟೆ ಎಳೆಯೋ ಎಲುಬಿನ ಗೂಡಿನ ಬೊಂಬೆ ಇದೆಯಲ್ಲ, ಅದರ ಪಕ್ಕೆಲುಬನ್ನೂ ಎಣಿಸಬಹುದು. ಕೋಟೆಯ ಮುಂಭಾಗ ರಾಜರ ಮನೆ ಇದ್ದಂಗಿದೆ, ಹಿಂಭಾಗ ಸಾದಾ ಗಾರೆ ಗೋಡೆ. ಯಾರೂ ಹಿಂದೆ ಹೋಗಿ ಫೋಟೋ ತೆಗೀಲಿಲ್ಲ. "ಕೋಟೆಗೆ ಬೆನ್ನಿಲ್ಲ, ಪಾಪ, ಅದರ ಬಗ್ಗೆ ಹಿಂದಿನಿಂದ ಮಾತಾಡಬೇಡಿ" ಅಂತ ನಾನು ದಿನಾ ಹೇಳ್ತೀನಿ, ದಿನಾ ನಗ್ತಾರೆ. ಸೇತುವೆ ಮೇಲೆ ಒಬ್ಬ ಸಂತನ ಕಲ್ಲಿನ ಮೂರ್ತಿಯ ಕೈಯಲ್ಲಿ ಉದ್ದ ಕೋಲು ಬಂದುಬಿಟ್ಟಿದೆ. ಅದು ಯಾರದೋ ಸೆಲ್ಫಿ ಕೋಲು. ಈಗ ಮುದುಕಿಯರು ಅದನ್ನ ಮುಟ್ಟಿ ಕಣ್ಣಿಗೆ ಒತ್ಕೋತಾರೆ. ಒಟ್ಟಿನಲ್ಲಿ ನೀವು ತಲೆ ಎತ್ತಿ ನೋಡಿದ್ದೆಲ್ಲ ಉಳೀತು. ಕಾಲಡಿ ಇದ್ದದ್ದು ಹೋಯ್ತು.

ಫೋಟೋದಲ್ಲಿ ಯಾರದೋ ತಲೆಯೋ ಮೈಯೋ ಅಡ್ಡ ಬಂದು ಕಾಣದೇ ಹೋದ ಜಾಗಕ್ಕೆ ತಲೆಗುಳಿ ಅಂತೀವಿ. ತಲೆಗುಳಿ ಮುಚ್ಚುವಾಗ ಕಲ್ಲಿನ ಕೆಲಸದವರದು ಒಂದು ಪದ್ಧತಿ. ಅಡ್ಡ ನಿಂತವರಿಗೆ ಒಂದು ಕಾಗದ ಬರೆದು, ಕಲ್ಲಲ್ಲಿ ಅಂಗೈ ಅಗಲ ಗೂಡು ಕೊರೆದು, ಅದರೊಳಗೆ ತುರುಕಿ ಬಾಯಿಗೆ ಸುಣ್ಣ ಮೆತ್ತಬೇಕು. ಬೈಗುಳದ ಕಾಗದ, ತಮಾಷೆಗೆ. ನಾನು ಬೈಯೋದ್ರಲ್ಲಿ ಹೆಸರುವಾಸಿ, ಅದಕ್ಕೆ ಎಲ್ಲರೂ ನನ್ನ ಕೈಲೇ ಬರೆಸ್ತಾರೆ. ನಿಮಗೆ ಬರೀತಿರೋದು ಇದು ಎರಡನೇದು.

ನೀವು 2027ರ ಮೇ ತಿಂಗಳ ಒಂದು ಫೋಟೋದಲ್ಲಿ ಈ ಸೇತುವೆ ಮೇಲೆ ನಿಂತಿದೀರಿ. ಹಸಿರು ಸೀರೆ, ಮೇಲೆ ಯಜಮಾನರ ಸ್ವೆಟರ್, ಕಾಲಿಗೆ ಬಿಳೀ ಶೂ. ಕಾಲ ಹತ್ರ ಹಳದಿ ಬಟ್ಟೆ ಬ್ಯಾಗು. ಅದರ ಮೇಲೆ ಅಂಗಡಿ ಹೆಸರು ಮಡಿಕೇಲಿ ಮುಚ್ಚಿದೆ, ಕೆಳಗಿನ ಸಾಲು ಮಾತ್ರ ಓದಬಹುದು, "ಬಸ್ ಸ್ಟ್ಯಾಂಡ್ ಎದುರು, ದಾವಣಗೆರೆ". ಇಡೀ ಸೇತುವೆ ಫೋಟೋಗಳಲ್ಲಿ ಕನ್ನಡ ಅಂತ ಇರೋದು ಅದೊಂದೇ. ನನ್ನ ಹೆಂಡತಿ ಹಾಲಮ್ಮ ಅದನ್ನ ಹುಡುಕಿದ ದಿನ ಬೀದಿಗೆಲ್ಲ ಬೆಲ್ಲ ಹಂಚಿದ್ಲು. ಅವಳದು ಸೇತುವೆ ಗೋಡೆ ಕಟ್ಟೋ ಕೆಲಸ, ಬೇಯುಗಾಲದಲ್ಲಿ ರಾತ್ರಿ ಹೊತ್ತು. ಒಂಬತ್ತು ತಿಂಗಳು ನಿಮ್ಮ ಫೋಟೋ ಮುಂದೆ ಇಟ್ಕೊಂಡು, "ಅಕ್ಕಾ, ಆ ಬ್ಯಾಗು ಒಂಚೂರು ಎತ್ಕೊಳ್ಳೇ, ನಾನು ಕಟ್ಟಬೇಕು" ಅಂತ ನಿಮ್ಮ ಜೊತೆ ಮಾತಾಡಿದಾಳೆ. ನೀವು ನಗ್ತಾನೇ ಇದ್ರಿ. ಕಣ್ಣು ಮುಚ್ಚಿದೀಯ ಅಂತ ಯಜಮಾನರು ಎರಡನೇ ಸಲ ತೆಗೆದಿದಾರೆ. ಎರಡನೇ ಸಲನೂ ಬ್ಯಾಗು ಅಲ್ಲೇ.

ಅಲ್ಲಿ ಗೋಡೆ ಬುಡದಲ್ಲಿ ಒಂದು ತೂಬು ಇರಬೇಕಿತ್ತು, ಮಳೆ ನೀರು ಹೊಳೆಗೆ ಇಳಿಯೋಕೆ. ಬೇರೆ ಕಡೆಯೆಲ್ಲ ಇಷ್ಟಿಷ್ಟು ದೂರಕ್ಕೆ ಒಂದೊಂದು ಕಾಣುತ್ತೆ. ಆದ್ರೆ ಇದನ್ನೆಲ್ಲ ಕಟ್ಟಿಸೋ ಫೋಟೋ ಕಚೇರಿಯ ನಿಯಮ ಅಂದ್ರೆ, ಕಾಣದ್ದನ್ನ ಕಟ್ಟಬಾರದು. ಹಾಲಮ್ಮ ಹೋಗಿ ಆ ಕಚೇರಿಯ ಹೊರಾಕ್ ಸಾಹೇಬ್ರ ಮುಂದೆ ನಿಂತ್ಲು.

"ಬ್ಯಾಗಿನ ಹಿಂದೆ ತೂಬು ಇದೆ ಸಾಹೇಬ್ರೇ."

"ಕಂಡಿದೀಯಾ?"

"ನಿಮ್ಮ ಹೊಟ್ಟೆ ಹಿಂದೆ ಬೆನ್ನು ಇರೋದನ್ನೂ ನಾನು ಕಂಡಿಲ್ಲ. ನಂಬಿದೀನಿ."

"ಅರ್ಜಿ ಬರಿ" ಅಂದ್ರು. ಬರೆದ್ಲು. ಉತ್ತರ ಬರಲಿಲ್ಲ. ತೂಬಿನ ಜಾಗಕ್ಕೆ ತೂತಿಲ್ಲದ ಗಟ್ಟಿ ಕಲ್ಲು ಇಟ್ಟು ಮುಚ್ಚಿದ್ಲು. ಆವಾಗ ನಾನು ನಿಮಗೆ ಬರೆದ ಮೊದಲ ಕಾಗದದಲ್ಲಿ ಆ ಬ್ಯಾಗಲ್ಲಿ ಇರೋದು ಅವಲಕ್ಕಿನೋ ಚಟ್ನಿಪುಡಿನೋ ಅಂತ ಎರಡು ಪುಟ ತಮಾಷೆ ಇತ್ತು.

ಎರಡು ಮಳೆಗಾಲ ತಡೀತು. ಒಳಗೆ ನೀರು ನಿಂತು ಗೋಡೆ ಹೊಟ್ಟೆ ಬಿಟ್ಟಿತು. ಬಿರುಕಿಗೆ ಗಾರೆ ತುಂಬೋಕೆ ಅಂತ ಹಾಲಮ್ಮನ್ನೂ ಇನ್ನಿಬ್ಬರನ್ನೂ ಹಗ್ಗ ಕಟ್ಟಿದ ಹಲಗೆ ಮೇಲೆ ಹೊಳೆ ಕಡೆ ಇಳಿಸಿದ್ರು. ನಾನು ಅಲ್ಲೇ ಇಪ್ಪತ್ತೆರಡು ಜನರ ಗುಂಪಿಗೆ ಸೆಲ್ಫಿ ಸಂತನ ಕಥೆ ಹೇಳ್ತಿದ್ದೆ. "ಈಗ ನೋಡಿ, ಸಂತ ಕೋಲು ಎತ್ತಿ ಹೊಡೀತಾನೆ" ಅಂದೆ, ಗೋಡೆ ಹೋಯ್ತು. ಅದೂ ನನ್ನ ಆಟವೇ ಅಂದ್ಕೊಂಡು ನನ್ನ ಗುಂಪು ಚಪ್ಪಾಳೆ ಹೊಡೀತು. ಹಾಲಮ್ಮ ಮೂರನೇ ದಿನ ಹೊಳೇಲಿ ಸಿಕ್ಕಿದ್ಲು, ಕೈಯಲ್ಲಿ ಗಾರೆ ಕರಣೆ ಇತ್ತು.

ನಾನು ಮಾರನೇ ವಾರ ಕೆಲಸಕ್ಕೆ ಹೋದೆ. ಅದೇ ಜಾಗ, ಅದೇ ಕಥೆ. ಕೊನೇ ಮಾತು ಮಾತ್ರ ಬಿಟ್ಟಿದೀನಿ.

ಈಗ ಮತ್ತೆ ಕಟ್ತಿದಾರೆ. ಮತ್ತೆ ಅದೇ ಫೋಟೋ, ಅದೇ ನಿಯಮ, ಅದೇ ಗಟ್ಟಿ ಕಲ್ಲು. ಕಟ್ತಿರೋದು ನನ್ನ ಮಗಳು ಸಾವಂತ್ರಿ, ಅವರವ್ವನ ಕರಣೆ ಹಿಡ್ಕೊಂಡು. ಗೋಡೆ ಕಟ್ಟಿದವರೇ ಅದನ್ನ ನೋಡ್ಕೋಬೇಕು. ನಾಳೆ ಬಿರುಕು ಬಿಟ್ರೆ ಹಲಗೆ ಮೇಲೆ ಇಳಿಯೋಳು ಅವಳೇ. ಬಿಟ್ಟುಬಿಡೇ ಅಂದೆ. "ನಾನು ಬಿಟ್ರೆ ಇನ್ಯಾರದೋ ಮಗಳು ಇಳೀತಾಳೆ, ಅಪ್ಪಾ" ಅಂದ್ಲು. ಆಮೇಲೆ ಕೇಳಿದ್ಲು, "ಅಕ್ಕನಿಗೆ ಕಾಗದ ಬರೀತೀಯಾ?"

ನಾನು ಬರೆಯಲ್ಲ ಅಂದೆ. ಬೈಯೋಕೆ ಮನಸ್ಸಿಲ್ಲ ಅಂದೆ.

"ಬೈಬೇಡ. ತೆಳ್ಳಗಿನ ಹಾಳೇಲಿ ಬರಿ. ಗೂಡು ನಾನು ಉದ್ದ ಕೊರೀತೀನಿ."

ಎಷ್ಟುದ್ದ ಅಂತ ಕೇಳಿದೆ. ಹೊಳೆ ಕಾಣೋಷ್ಟು ಅಂದ್ಲು.

ಅರ್ಥ ಆಯ್ತಲ್ಲ ಅಕ್ಕಾ. ಕಾಗದದ ಗೂಡನ್ನ ಯಾವ ಸಾಹೇಬನೂ ಅಳೆಯಲ್ಲ, ಅದು ಕೂಲಿಯವರ ಹುಡುಗಾಟ. ಹೊರಾಕ್ ಸಾಹೇಬ್ರಿಗೆ ಕನ್ನಡ ಓದೋಕೂ ಬರಲ್ಲ. ನಾಳೆ ಬೆಳಿಗ್ಗೆ ನಿಮ್ಮ ಬ್ಯಾಗು ಇದ್ದ ಜಾಗದಲ್ಲಿ, ಕಲ್ಲಿನ ಈ ಕಡೆಯಿಂದ ಆ ಕಡೆಗೆ, ಇದನ್ನ ಸುರುಳಿ ಸುತ್ತಿ ತುರುಕ್ತೀವಿ. ಎರಡು ಬಾಯಿಗೂ ಸುಣ್ಣದ ಬದಲು ಬರೀ ಮಣ್ಣು. ಮೊದಲ ದೊಡ್ಡ ಮಳೆಗೆ ಮಣ್ಣು ಹೋಗಬೇಕು, ಕಾಗದ ನೆನೆದು ಮುದ್ದೆಯಾಗಿ ಹೊಳೆಗೆ ಬೀಳಬೇಕು, ತೂಬು ತೆರೀಬೇಕು. ಶಾಯಿ ಕೂಡ ನೀರಿಗೆ ಅಳಿಯೋದೇ ತಂದಿದೀನಿ.

ಅದಕ್ಕೆ ನನ್ನ ಹಾರೈಕೆ ಸ್ವಲ್ಪ ಉಲ್ಟಾ ಇದೆ, ಬೇಜಾರು ಮಾಡ್ಕೋಬೇಡಿ. ಈ ಕಾಗದ ನಿಮಗೂ ಸಿಗಬಾರದು, ನಮ್ಮ ಮುಂದಿನವರಿಗೂ ಸಿಗಬಾರದು. ಯಾರ ಕೈಗಾದ್ರೂ ಒಣಗಿದ ಹಾಳೆ ಸಿಕ್ಕಿ ಅವರು ಇಷ್ಟು ದೂರ ಓದಿದ್ರೆ, ನೀರು ಹೋಗಿಲ್ಲ ಅಂತ ಲೆಕ್ಕ. ಅವರು ಓದೋದು ನಿಲ್ಲಿಸಿ ಗೋಡೆ ಕೆಳಗೆ ಇರೋರನ್ನ ಮೇಲೆ ಕರೀಲಿ. ಹೆಸರು ಸಾವಂತ್ರಿ. ಕೂಗಿದ್ರೆ ಓ ಅಂತಾಳೆ.

ನೀವಿನ್ನೂ ಟೂರಿಗೆ ಹೊರಟಿಲ್ಲದಿದ್ರೆ, ಖಂಡಿತ ಹೋಗಿ ಬನ್ನಿ, ಚೆನ್ನಾಗಿರುತ್ತೆ. ಸೇತುವೆ ಮೇಲೆ ಬ್ಯಾಗು ಮಾತ್ರ ಹೆಗಲಲ್ಲೇ ಇರಲಿ.

ಬರ್ತೀನಿ ಅಕ್ಕಾ. ಇಲ್ಲಿ ಮೋಡ ಕಟ್ಟಿದೆ.

ಹಾಲಮ್ಮನ ಗಂಡ
ಕೊಟ್ರೇಶ