ಮೊದಲ ಮಾತ್ರೆಗೂ ಮುಂಚಿನ ರಕ್ತ

ತೆಗುಸಿಗಾಲ್ಪದ ದೊಡ್ಡಾಸ್ಪತ್ರೆ, ಮಂಗಳವಾರ

ತೊಮಾಸಾ ಅಕ್ಕನಿಗೆ,

ಬಸ್ಸಿನಲ್ಲಿ ಕೂತು ಬಂದ ಸೊಂಟ ಇನ್ನೂ ನೆಟ್ಟಗಾಗಿಲ್ಲ. ಎಚ್‌ಐವಿ ಔಷಧಿ ನಾಟದೆ ನಾನು ಸೊರಗಿದಾಗ, "ಮಾತ್ರೆ ನುಂಗೋಕೂ ಸೋಮಾರಿತನ ನಿಂಗೆ" ಎಂದು ನೀನು ಹಂಗಿಸಿದ್ದೆ. ಎರಡು ವರ್ಷದ ಹಿಂದೆ, ಮೊದಲ ಮಾತ್ರೆಗೂ ಮುಂಚೆ ತೆಗೆದಿದ್ದ ನನ್ನ ರಕ್ತವನ್ನು ಇಲ್ಲಿನ ಪ್ರಯೋಗಾಲಯದವರು ಹೆಪ್ಪುಗಟ್ಟಿಸಿ ಇಟ್ಟಿದ್ದರು. ಬೆರಳುದ್ದದ ಕೊಳವೆ, ಮೈತುಂಬ ಹಿಮ. ಈಗ ಅದನ್ನೇ ಕರಗಿಸಿ ಪರೀಕ್ಷೆ ಮಾಡಿದ್ದಾರೆ, ಇವತ್ತು ಫಲಿತಾಂಶ ಬಂತು.

"ನಿಮಗೆ ಅಂಟಿದ ವೈರಸ್ಸೇ ಆ ಮಾತ್ರೆಗೆ ಜಗ್ಗದ ಜಾತಿ ಕಣಮ್ಮಾ. ನೀವು ಎಷ್ಟು ನಿಯತ್ತಾಗಿ ನುಂಗಿದ್ರೂ ಅಷ್ಟೇ ಆಗ್ತಿತ್ತು" ಎಂದರು ಡಾಕ್ಟರಮ್ಮ.



ಬೇರೆ ಮಾತ್ರೆ ಕೊಟ್ಟಿದ್ದಾರೆ. ಜ್ವರವಿಲ್ಲ. ಶುಕ್ರವಾರ ಬರುತ್ತೇನೆ. ಈ ಕಾಗದವನ್ನು ಬೇಕೆಂದೇ ಲಕೋಟೆಗೆ ಹಾಕಲಿಲ್ಲ, ಅಂಚೆಯವನೂ ಓದಲಿ. ಅಮ್ಮನಿಗೆ ಮಾತ್ರ ನೀನೇ ಗಟ್ಟಿಯಾಗಿ ಓದಿ ಹೇಳು.

ನಿನ್ನ ತಂಗಿ
ಡಿಯೊನಿಸಿಯಾ