ಪುಟ ಇನ್ನೂರ ಹದಿನಾಲ್ಕು

೯ ಮಾರ್ಚ್, ಭಾನುವಾರ ಬೆಳಿಗ್ಗೆ

ಪ್ರೀತಿಯ ಸರಪಳಿ,

ಮೊದಲಿಗೆ ತಪ್ಪೊಪ್ಪಿಗೆ. ಈ ಕಾಗದ ಕಳ್ಳಮಾಲು. ನಿವೃತ್ತನಾದ ದಿನ ಕಾಲೇಜಿನಿಂದ ಚೀಲದ ತಳದಲ್ಲಿ ಅಡಗಿಸಿ ತಂದ ಹೆಚ್ಚುವರಿ ಉತ್ತರಪತ್ರಿಕೆ. ಮೇಲ್ವಿಚಾರಕರ ಸಹಿಯ ಜಾಗ ಖಾಲಿ ಇದೆ. ನನ್ನವಳು ಹಾಕುತ್ತಾಳಂತೆ, ಬರೆದದ್ದು ನಿಜವಾಗಿದ್ದರೆ ಮಾತ್ರ.

ನೀನು ಮಗಳ ಮನೆಗೆ ಹೋಗಿ ಮೂರು ವಾರವಾಯಿತು. ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸು. ಗೆದ್ದವನಿಗೆ ಪುರುಸೊತ್ತು ಕಡಿಮೆ. ಆ ಸಂಜೆಯ ನಮ್ಮ ವಾದವನ್ನು ವಾಚನಾಲಯದ ಗ್ರಂಥಪಾಲಕ ಇನ್ನೂ ಬಂದವರಿಗೆಲ್ಲ ವರ್ಣಿಸುತ್ತಾನೆ. ನಿನಗೆ ಭೂಮಿ ಚಪ್ಪಟೆ, ನನಗೆ ಚಪ್ಪಾಳೆ.

ಆದರೂ ನಿನ್ನ ವಾದ ಸೊಗಸಾಗಿತ್ತು ಕಣೋ. ಮೂವತ್ತು ವರ್ಷ ಸರಪಳಿ ಹಿಡಿದು ನೆಲ ಅಳೆದ ಸರ್ವೇಯರ್ ನೀನು. ಹಳೆಯ ನಕ್ಷೆ, ಯಾತ್ರಿಕರ ಬರಹ ಎಲ್ಲವನ್ನೂ ಹನ್ನೊಂದು ವರ್ಷ ಟಿಪ್ಪಣಿ ಪುಸ್ತಕಕ್ಕೆ ಇಳಿಸಿ ತಂದಿದ್ದೆ. ಅಷ್ಟು ಜನ ಚಪ್ಪಟೆ ಎಂದು ಬರೆದಿಟ್ಟ ಮೇಲೆ ಇನ್ನೇನು ಸಾಕ್ಷಿ ಬೇಕು ಎಂಬುದು ನಿನ್ನ ಪಟ್ಟು. ಅದು ಜನರ ನಂಬಿಕೆಗೆ ಸಾಕ್ಷಿ, ಭೂಮಿಯ ಆಕಾರಕ್ಕಲ್ಲ ಎಂಬುದು ನನ್ನದು. ಆಗ ನೀನು ಕನ್ನಡಕ ತೆಗೆದೆ.

“ಹಾಗಾದ್ರೆ ನಿನ್ನ ರಾಜರು, ಯುದ್ಧಗಳು? ಯಾರೋ ಬರೆದಿಟ್ಟಿದ್ದನ್ನ ನಂಬ್ಕೊಂಡೇ ಅಲ್ವೇನೋ ನೀನು ಇಷ್ಟು ವರ್ಷ ಪಾಠ ಹೇಳಿದ್ದು?”

ಎಲ್ಲರೂ ನಕ್ಕರು. ಆ ನಗೆಯ ನಡುವೆಯೇ ನಾನು ನಮ್ಮ ವಾಚನಾಲಯದಲ್ಲಿರುವ ನಾವಿಕನ ದಿನಚರಿಯನ್ನು ಎತ್ತಿದ್ದು: ದೂರ ಸಾಗುವ ಹಡಗಿನ ಒಡಲು ಮೊದಲು ಮರೆಯಾಗುತ್ತದೆ, ಹಾಯಿ ಆಮೇಲೆ; ಪುಟ ಇನ್ನೂರ ಹದಿನಾಲ್ಕು. ನೀನು ಟಿಪ್ಪಣಿ ಪುಸ್ತಕ ಮುಚ್ಚಿ ಎಲ್ಲರಿಗೂ ಹೇಳಿದೆ:

“ಪುಟ ಸಮೇತ ಹೇಳ್ತಿದ್ದಾನೆ ಅಂದ್ಮೇಲೆ ಮುಗೀತು. ಇವನು ಸುಳ್ಳು ಹೇಳೋನಲ್ಲ. ನಾನು ಸೋತೆ.”

ಮೊನ್ನೆ ಅತ್ತಿಗೆ ಫೋನ್ ಮಾಡಿದ್ದರು. ನೀನು ಮಾತೇ ಕಡಿಮೆ ಮಾಡಿದ್ದೀಯಂತೆ; ಆ ಟಿಪ್ಪಣಿ ಪುಸ್ತಕವನ್ನು ಹಳೆಯ ಪೇಪರಿನ ಜೊತೆ ಕಟ್ಟಿ ರದ್ದಿಗೆ ಇಟ್ಟಿದ್ದೀಯಂತೆ. ಕೊಡಬೇಡ. ಇಲ್ಲಿ ನಾನು ಏನೆಂದರೂ ಎಲ್ಲರೂ ತಲೆಯಾಡಿಸುತ್ತಾರೆ. ಹೂಂಗುಟ್ಟುವವರ ಜೊತೆ ಸಂಜೆ ಕಳೆಯುವುದು ಎಷ್ಟು ಕಷ್ಟ ಗೊತ್ತೇನೋ? ಪುಸ್ತಕ ತಗೊಂಡು ಬಾ, ಜಗಳ ಆಡೋಣ.

ಅತ್ತಿಗೆಗೆ ನಮಸ್ಕಾರ. ಮೊಮ್ಮಗಳಿಗೆ ಆಶೀರ್ವಾದ, ಭೂಮಿ ಯಾವ ಆಕಾರದ್ದಾದರೂ ಅವಳ ಕಾಲ ಕೆಳಗೆ ಗಟ್ಟಿಯಾಗಿರಲಿ.

ನಿನ್ನ
ಮೇಷ್ಟ್ರು

ಮರೆತ ಮಾತು: ಮರೆತದ್ದಲ್ಲ, ಧೈರ್ಯ ಬಂದಿರಲಿಲ್ಲ. ಹಡಗಿನ ವಿಷಯ ನಿಜ, ಯಾವ ಕಡಲ ದಂಡೆಯಲ್ಲಿ ನಿಂತರೂ ಕಾಣುತ್ತದೆ. ಆದರೆ ಆ ದಿನಚರಿಯನ್ನು ನಾನು ಓದಿಯೇ ಇರಲಿಲ್ಲ. ನಿನ್ನ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ, ಜನ ನಗುತ್ತಿದ್ದರು, ಬಾಯಿಗೆ ಬಂದ ಪುಟ ಹೇಳಿಬಿಟ್ಟೆ. ದುಂಡು ಭೂಮಿಯ ಪರವಾಗಿ ಮಾಡಿದ ದುಂಡಾವರ್ತಿ. ನಿನ್ನೆ ವಾಚನಾಲಯದಲ್ಲಿ ಯಾರೂ ಇಲ್ಲದಾಗ ಪುಸ್ತಕ ತೆಗೆದು ನೋಡಿದೆ. ಅದರಲ್ಲಿ ಇರುವುದೇ ನೂರ ಎಂಬತ್ತು ಪುಟ.