ಹೇಮಾ, ನೀನು ನಂಬದೆ ಹೋದ ಮಾತು

ಪ್ರೀತಿಯ ಹೇಮಶ್ರೀಗೆ,

ಈ ಪತ್ರವನ್ನು ಅಜ್ಜಂಪುರದ ನಿನ್ನ ಅಜ್ಜಿ ಹುಲಿಯಮ್ಮನ ಕೈಗೆ ಕೊಡುತ್ತಿದ್ದೇನೆ. ನೀನಿರುವ ಊರನ್ನು ಆಕೆ ಹೇಳುವುದಿಲ್ಲ. ನಾನೂ ಕೇಳುವುದನ್ನು ಬಿಟ್ಟಿದ್ದೇನೆ.

ಸುಟ್ಟುಹೋದ ಹೊಲಿಗೆ ಯಂತ್ರದ ಮೋಟರನ್ನು ನೀನು ಕಡೂರಿನ ನಮ್ಮ ರಿವೈಂಡಿಂಗ್ ಅಂಗಡಿಗೆ ತಂದಿದ್ದೆ. ದೊಡ್ಡ ದೊಡ್ಡ ಬೋರ್‌ವೆಲ್ ಮೋಟರುಗಳ ನಡುವೆ ಅದನ್ನು ಕಂಡು ನನಗೆ ನಗು ಬಂತು. "ನಗೋದು ಆಮೇಲೆ, ನಾಳೆ ಬ್ಲೌಸ್ ಕೊಡ್ಬೇಕು, ಬೇಗ ಮಾಡ್ಕೊಡಿ" ಅಂದೆ. ಅಂದಿನಿಂದ ಏನೇನೋ ನೆಪ ಮಾಡಿಕೊಂಡು ನಾನೇ ಅಜ್ಜಂಪುರಕ್ಕೆ ಬರತೊಡಗಿದೆ.

ಮದುವೆಯಾಗೋಣ ಎಂದು ಕೇಳಿದ್ದು ತರೀಕೆರೆ ಬಸ್ ನಿಲ್ದಾಣದ ಹೋಟೆಲಿನಲ್ಲಿ. ನೀನು ದನಿ ತಗ್ಗಿಸಲೂ ಇಲ್ಲ. "ನಂಗೆ ಹುಟ್ಟಿದಾಗಿಂದ ಎಚ್‌ಐವಿ ಐತೆ ಕಣೋ ಭೈರೇಶ. ಅಪ್ಪನಿಂದ ಅವ್ವಂಗೆ, ಅವ್ವನಿಂದ ನಂಗೆ. ಈಗ ಇಬ್ರೂ ಇಲ್ಲ. ಎದ್ದು ಹೋಗೋದಾದ್ರೆ ಹೋಗು, ಬೇಜಾರ್ ಮಾಡ್ಕೊಳ್ಳಲ್ಲ." ನಾನು ಏಳಲಿಲ್ಲ. ಅದನ್ನು ಧೈರ್ಯ ಅನ್ನಬೇಡ, ಕಾಲು ಬರಲಿಲ್ಲ ಅಷ್ಟೆ.

ಆಮೇಲೆ ನೀನು ಮಾತ್ರೆ ತರುವ ಆಸ್ಪತ್ರೆಗೆ ಇಬ್ಬರೂ ಹೋದೆವು. ನನ್ನ ರಕ್ತವನ್ನೂ ಪರೀಕ್ಷಿಸಿದರು, ಸೋಂಕಿರಲಿಲ್ಲ. ಅಲ್ಲಿನ ಆಪ್ತ ಸಮಾಲೋಚಕಿ ಪ್ರೇಮಮ್ಮ ನಿನ್ನ ವೈರಲ್ ಲೋಡ್ ವರದಿ ನೋಡಿ ಹೇಳಿದರು: "ಇವ್ಳ ರಕ್ತದಲ್ಲಿ ವೈರಸ್ಸು ಪರೀಕ್ಷೆಗೂ ಸಿಗದಷ್ಟು ಕಮ್ಮಿ ಐತೆ. ದಿನಾ ಮಾತ್ರೆ ತಗೊಂಡು ಹಿಂಗೇ ಇದ್ರೆ, ಗಂಡ ಹೆಂಡ್ತಿ ಕೂಡಿದ್ರೂ ನಿಮ್ಗೆ ಹರಡಲ್ಲ. ಡಾಕ್ಟ್ರು ಹೇಳ್ದಂಗೆ ನಡ್ಕೊಂಡ್ರೆ ಮಗೂಗೂ ಬರದಂಗೆ ನೋಡ್ಕೋಬಹುದು. ಕಾಲ ಮೊದ್ಲಿನಂಗಿಲ್ಲ." ನಾನು ಒಂದೇ ಸಲಕ್ಕೆ ನಂಬಿದೆ. ನೀನು, "ಇನ್ನೊಂದ್ಸಲ ಹೇಳಿ ಮೇಡಂ" ಅಂದೆ. ಬಸ್ಸಿನಲ್ಲಿ ಬರುವಾಗ ಕಿಟಕಿಯಾಚೆ ನೋಡುತ್ತ, "ಇದೆಲ್ಲ ಅವ್ವ ಇದ್ದಾಗ್ಲೇ ಇದ್ದಿದ್ರೆ" ಅಂದೆ ನೀನು.

ನಿನ್ನ ಒಪ್ಪಿಗೆ ಪಡೆದೇ ನಮ್ಮವ್ವನಿಗೆ ತಿಳಿಸಿದೆ. ಪಂಚನಹಳ್ಳಿಯ ನಮ್ಮ ಮನೆಯಲ್ಲಿ ಅವ್ವ ಕೆಲವು ದಿನ ಯೋಚಿಸಿದಳು. ಒಂದು ಮಧ್ಯಾಹ್ನ ಮುದ್ದೆ ಬಡಿಸುತ್ತ ಅವ್ವ, "ನಂದೂ ಸಕ್ಕರೆ ಕಾಯಿಲೆ ಮಾತ್ರೆ ಸಾಯೋಗಂಟ ಐತೆ. ಅವ್ಳದೂ ಒಂದಿರ್ಲಿ, ಕರ್ಕೊಂಬಾ" ಅಂದಳು. ಇದನ್ನು ಕೇಳಿ ನೀನು ಅತ್ತುಬಿಟ್ಟೆ. ಸಂತೋಷಕ್ಕೆ ಎಂದು ನಾನಂದುಕೊಂಡೆ.

ನಿಶ್ಚಿತಾರ್ಥಕ್ಕೆ ದಿನ ಗೊತ್ತಾಗಿತ್ತು. ನಿಮ್ಮ ಮನೆಯಲ್ಲಿ ಎಳನೀರು ಕೆತ್ತುವಾಗ ಮಚ್ಚು ನನ್ನ ಬೆರಳಿಗೆ ತಾಗಿತು. ಹೊಲಿಯುತ್ತಿದ್ದ ನೀನು ಓಡಿ ಬಂದು ಗಾಯವನ್ನು ಅದುಮಿ ಹಿಡಿದೆ. ರಕ್ತ ನಿಂತ ಮೇಲೆ ನೋಡಿಕೊಂಡರೆ, ಸೂಜಿ ಚುಚ್ಚಿ ನಿನ್ನ ಬೆರಳೂ ಒಸರುತ್ತಿತ್ತು. ನಿನ್ನ ಮುಖ ನೋಡಲಾಗಲಿಲ್ಲ. ನೀನು ನನ್ನ ಕೈಯನ್ನು ತೊಳೆದೆ, ಮತ್ತೆ ತೊಳೆದೆ. ಭಯಪಡುವಂಥದ್ದೇನೂ ಇಲ್ಲವೆಂದು ಡಾಕ್ಟರು ಹೇಳಿದರು. ನಿನಗೆ ಸಾಲಲಿಲ್ಲ. ನಿನ್ನ ಸಮಾಧಾನಕ್ಕೆಂದು ನಾನು ಒಂದು ತಿಂಗಳು ಸೋಂಕು ತಡೆಯುವ ಮುನ್ನೆಚ್ಚರಿಕೆಯ ಮಾತ್ರೆ ನುಂಗಿದೆ. ಆ ದಿನಗಳಲ್ಲಿ ನಿನಗೆ ಊಟ ಸೇರಲಿಲ್ಲ. ನಾನು ಕೆಮ್ಮಿದರೂ ನೀನು ಬೆಚ್ಚುತ್ತಿದ್ದೆ.

ಕೊನೆಯ ಪರೀಕ್ಷೆಯಲ್ಲೂ ಸೋಂಕಿಲ್ಲವೆಂದು ಬಂತು. ನೀನು ಆಸ್ಪತ್ರೆಯ ಗೋಡೆಗೆ ಒರಗಿ ನಿಂತು ಹೇಳಿದೆ: "ಈ ಸಲ ಇಲ್ಲ ಅಂದ್ರು. ಮುಂದ್ಲ ಸಲ ನಾನು ಹೆಂಗ್ ಕಾಯ್ಲಿ? ಅವ್ವ ಅಪ್ಪನ್ನ ಬೈಕೊಂಡೇ ಸತ್ಲು ಕಣೋ. ಆ ಮಾತು ನಿನ್ ಬಾಯಲ್ಲಿ ಕೇಳೋಕೆ ನನ್ ಕೈಲಾಗಲ್ಲ."

ಆ ವಾರವೇ ನೀನು ಊರು ಬಿಟ್ಟೆ. ಕೇಳಲು ಹೋದರೆ ಪ್ರೇಮಮ್ಮ, "ಅವ್ರ ವಿಷ್ಯ ಯಾರ್ಗೂ ಹೇಳಂಗಿಲ್ಲಪ್ಪಾ" ಅಂದರು. ಹುಲಿಯಮ್ಮ ಮಾತ್ರ, "ಮಾತ್ರೆ ಬಿಟ್ಟಿಲ್ಲ ಮಗಾ, ಅಷ್ಟು ಹೇಳ್ತೀನಿ" ಅಂದಳು. ಅಷ್ಟೇ ಸಾಕು ಎಂದುಕೊಂಡು ಬಂದೆ. ಸಾಕಾಗಲಿಲ್ಲ.

ಮೊನ್ನೆ ಆಕೆಯೇ ಹೇಳಿದಳು, ನೀನೀಗ ಸೋಂಕಿತರಿಗೆ ನೆರವಾಗುವ ಸಂಘವೊಂದರಲ್ಲಿದ್ದೀಯಂತೆ. "ಹುಡ್ಗಿಗೈತೆ, ಹುಡ್ಗಂಗಿಲ್ಲ. ಹೆದ್ರಬ್ಯಾಡಿ ಅಂತ ನಮ್ ಹೇಮ ಇಬ್ರುನೂ ಕೂರ್ಸಿ ತಿಳ್ಸಿ, ತಾನೇ ನಿಂತು ಮದ್ವೆ ಮಾಡ್ಸವ್ಳೆ" ಅಂದಳು. ಆ ಹುಡುಗಿ ನಿನ್ನ ಮಾತು ನಂಬಿದಳಲ್ಲ ಹೇಮಾ. ನಿನ್ನನ್ನು ಹಾಗೆ ಕೂರಿಸಿಕೊಂಡು ಹೇಳಲು ಅದೇ ಸೋಂಕಿನ ಜೊತೆ ಬಾಳುವ ನಿನ್ನಂಥವಳೊಬ್ಬಳು ನಿನಗೆ ಸಿಗಲಿಲ್ಲ.

ಅವ್ವನಿಗೆ ಈಗ ಕೈಲಾಗುವುದಿಲ್ಲ. ಮನೆಯವರು ನನಗೆ ಲಿಂಗದಹಳ್ಳಿಯ ಭವ್ಯ ಎಂಬವಳನ್ನು ನೋಡಿದ್ದಾರೆ, ನಾನು ಹೂಂ ಅಂದಿದ್ದೇನೆ. ಅವಳಿಗೆ ನಿನ್ನ ಹೆಸರು, ಕಾಯಿಲೆ ಯಾವುದನ್ನೂ ಹೇಳಲಿಲ್ಲ, ಅದು ನಿನ್ನದು. ಒಬ್ಬಳನ್ನು ಪ್ರೀತಿಸಿದ್ದೆ ಎಂದಷ್ಟೇ ಹೇಳಿದೆ. "ಅವ್ರು ಯಾಕೆ ಬ್ಯಾಡ ಅಂದ್ರು?" ಎಂದು ಕೇಳಿದಳು. "ನನ್ ಮೇಲೆ ಜೀವ ಇಟ್ಕೊಂಡಿದ್ಳು, ಅದಕ್ಕೆ" ಅಂದೆ. ಆಕೆಗೆ ಅರ್ಥವಾಗಲಿಲ್ಲ. ಮಾಘದಲ್ಲಿ ಮದುವೆ. ನೀನು ಬರಬೇಡ, ನಿನ್ನೆದುರು ತಾಳಿ ಕಟ್ಟಲು ನನ್ನಿಂದಾಗದು.

ಎಲ್ಲೇ ಇರು, ತಲೆ ಪೂರ್ತಿ ನೆರೆಯುವಷ್ಟು ಕಾಲ ಬಾಳು. ನಿನ್ನವ್ವನಿಗೆ ಸಿಗದ ಆಯಸ್ಸೂ ನಿನಗೇ ಸೇರಲಿ.

ಇಂತಿ,
ನಿನ್ನವನಾಗದೆ ಉಳಿದ
ಭೈರೇಶ